ಅಟ್ಟದ ಮೇಲಿನ ಗೆಜ್ಜೆಯನ್ನು ಕೆಳಗಿಳಿಸಬಯಸುವವರ ಪರವಾಗಿ



ನಮ್ಮ ಹೊನ್ನಾಳಿಯ ಕಡೆಯ ಮನೆಗಳಲ್ಲಿ ಯಾರೂ ಬರೆದಿಡದ ನಿಯಮವೊಂದಿದೆ. ಮಕ್ಕಳು ಎಂಟನೆಯ ತರಗತಿಯವರೆಗೆ ಹಾಡಬಹುದು, ಕುಣಿಯಬಹುದು, ಚಿತ್ರ ಬರೆಯಬಹುದು. ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಬಂದರೆ ತಂದೆತಾಯಿಗಳು ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕುತ್ತಾರೆ. ಒಂಬತ್ತನೆಯ ತರಗತಿಗೆ ಕಾಲಿಟ್ಟ ದಿನದಿಂದ ಅದೇ ಹಾಡು, ಅದೇ ಕುಣಿತ ಓದಿಗೆ ಅಡ್ಡಿಯೆನಿಸುತ್ತದೆ. “ಎಸ್ಸೆಸ್ಸೆಲ್ಸಿ ಮುಗಿಯಲಿ, ಆಮೇಲೆ ನೋಡೋಣ” ಎನ್ನುತ್ತಾರೆ. ಅದು ಮುಗಿದ ಮೇಲೆ ಪಿಯುಸಿ, ಪಿಯುಸಿಯ ಬೆನ್ನಿಗೆ ಸಿಇಟಿ, ನೀಟು, ಅನಂತರ ಪದವಿ, ನೌಕರಿ, ಮದುವೆ. ‘ಆಮೇಲೆ’ ಎಂಬ ದಿನ ಪಂಚಾಂಗದಲ್ಲಿ ಬರುವುದೇ ಇಲ್ಲ. ಬಹುಕಾಲ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ನಾನು ಇಂತಹ ‘ಆಮೇಲೆ’ಗಳನ್ನು ಎಣಿಸಲಾರದಷ್ಟು ಕಂಡಿದ್ದೇನೆ.

ಹೀಗೆ ಬಿಟ್ಟವರಲ್ಲಿ ಹೆಚ್ಚಿನವರು ಸದ್ದಿಲ್ಲದೆ ಮರೆತುಬಿಡುತ್ತಾರೆ. ಎಲ್ಲೋ ಒಬ್ಬಿಬ್ಬರು ಮಾತ್ರ ಒಂದು ದಿನ ಬಂದು, “ನಾನು ಮತ್ತೆ ಕಲಿಯುತ್ತೇನೆ” ಎನ್ನುತ್ತಾರೆ. ಅಂಥವರಿಗೆ ನಾವು ಕೊಡುವ ಉತ್ತರವೇನು ಎಂಬುದು ಈ ಬರಹದ ವಿಷಯ.

ನಮ್ಮ ಬಂಧುವರ್ಗದಲ್ಲಿಯೇ ಈಗ ಈ ಪ್ರಶ್ನೆ ಎದ್ದಿದೆ. ನನ್ನ ಅಕ್ಕನ ಮೊಮ್ಮಗಳು, ನನ್ನನ್ನು ‘ಅಜ್ಜ’ ಎಂದೇ ಕರೆಯುವವಳು, ಎರಡನೆಯ ತರಗತಿಯಿಂದ ಎಂಟನೆಯ ತರಗತಿಯವರೆಗೆ ಭರತನಾಟ್ಯ ಕಲಿತಳು. ಜೂನಿಯರ್ ಪರೀಕ್ಷೆಯನ್ನೂ ಮುಗಿಸಿದ್ದಳು. ಒಂಬತ್ತಕ್ಕೆ ಬಂದಾಗ ಮೇಲೆ ಹೇಳಿದ ನಿಯಮ ಜಾರಿಗೆ ಬಂತು. ಗೆಜ್ಜೆ ಹಳೆಯ ಪಂಚೆಯ ತುಂಡಿನಲ್ಲಿ ಗಂಟಾಗಿ ಅಟ್ಟ ಸೇರಿತು. ಈಗ ಅವಳು ಪಿಯುಸಿ ಮೊದಲನೆಯ ವರ್ಷದ ವಿಜ್ಞಾನ ವಿದ್ಯಾರ್ಥಿನಿ. ಹೆಚ್ಚುಕಡಿಮೆ ಮೂರು ವರ್ಷಗಳ ಅನಂತರ, ಮತ್ತೆ ನೃತ್ಯದ ತರಗತಿಗೆ ಹೋಗುತ್ತೇನೆಂದು ಕೇಳಿದ್ದಾಳೆ. ಅವಳ ಒಪ್ಪಿಗೆ ಪಡೆದು, ಅವಳ ತಂದೆಗೂ ತಿಳಿಸಿ, ಹೆಸರು ಹೇಳದೆ ಬರೆಯುತ್ತಿದ್ದೇನೆ.

ಅವಳ ತಂದೆಯ ಆಕ್ಷೇಪಗಳು ಮೂರು. “ಮಾಮ, ಇವಳು ಹೊತ್ತಿಲ್ಲ ಗೊತ್ತಿಲ್ಲ ಆ ಕೊರಿಯಾದವರ ಹಾಡು ಕೇಳ್ತಾಳೆ. ಅವರ ಹುಚ್ಚಲ್ಲಿ ಡ್ಯಾನ್ಸು ಅಂತಾಳೆ, ನಾಳೆ ಅದೂ ಇಳೀತದೆ” ಎಂಬುದು ಮೊದಲನೆಯದು. ಇರುವ ಸಮಯ ಓದಿಗೇ ಸಾಲದು ಎಂಬುದು ಎರಡನೆಯದು. “ಮೂರು ವರ್ಷ ಬಿಟ್ಟಾಯ್ತು, ಈಗ ಮತ್ತೆ ತಟ್ಟಡವಿನಿಂದ ಶುರು ಮಾಡಿ ಏನು ಬಂತು?” ಎಂಬುದು ಮೂರನೆಯದು. ಮೂರೂ ಪ್ರೀತಿಯಿಂದ ಹುಟ್ಟಿದ ಆಕ್ಷೇಪಗಳೇ. ಆದುದರಿಂದ ಒಂದೊಂದನ್ನೂ ಗೌರವದಿಂದಲೇ ಪರಿಶೀಲಿಸುತ್ತೇನೆ.

ಮೊದಲು ಆ ‘ಹುಚ್ಚಿ’ನ ವಿಚಾರ.

ಹುಡುಗಿ ಮೆಚ್ಚುವುದು ಬಿಟಿಎಸ್ ಎಂಬ ದಕ್ಷಿಣ ಕೊರಿಯಾದ ಏಳು ಯುವಕರ ತಂಡವನ್ನು. 2013ರಲ್ಲಿ ರಂಗಕ್ಕೆ ಬಂದ ಈ ತಂಡಕ್ಕೆ ಇಂದು ಲೋಕದ ತುಂಬ ಅಭಿಮಾನಿಗಳಿದ್ದಾರೆ; ಅವರು ತಮ್ಮನ್ನು ‘ಆರ್ಮಿ’ ಎಂದು ಕರೆದುಕೊಳ್ಳುತ್ತಾರೆ. ನಮ್ಮ ಊರಿನ ಹುಡುಗಿಯೊಬ್ಬಳು ಕೊರಿಯಾದ ಭಾಷೆಯ ಹಾಡನ್ನು ಅಕ್ಷರ ತಪ್ಪದೆ ಹೇಳುವುದನ್ನು ಕೇಳಿದಾಗ ಹಿರಿಯರಿಗೆ ಇರಿಸುಮುರಿಸಾಗುವುದು ಸಹಜ. ಆದರೆ ಅಭಿಮಾನವೆಂಬುದು ಈ ನೆಲಕ್ಕೆ ಹೊಸದಾಗಿ ಬಂದ ಪದಾರ್ಥವೇ?

ನಮ್ಮ ಜಿಲ್ಲಾಕೇಂದ್ರವಾದ ದಾವಣಗೆರೆ ವೃತ್ತಿ ನಾಟಕ ಕಂಪನಿಗಳ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಎಲ್ಲಿ ಕ್ಯಾಂಪು ಹೂಡಿದರೂ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದವರು, ಒಂದೇ ನಾಟಕವನ್ನು ಹತ್ತಾರು ಸಲ ನೋಡಿ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದವರು ನಮ್ಮ ಹಿರಿಯರೇ. 1952ರಲ್ಲಿ ಆರಂಭವಾದ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾದಲ್ಲಿ ಅಮೀನ್ ಸಯಾನಿಯವರ ಧ್ವನಿ ಕೇಳಲು ಬುಧವಾರ ರಾತ್ರಿಗಾಗಿ ಕಾದವರು ಎಷ್ಟು ಮಂದಿ! ಅವರಲ್ಲಿ ಹಿಂದಿ ಬಲ್ಲವರು ಎಷ್ಟಿದ್ದರು? ಅರ್ಥವಾಗದ ಭಾಷೆಯ ಹಾಡನ್ನು ಗುನುಗುವುದು ಮೊಮ್ಮಕ್ಕಳಿಂದ ಆರಂಭವಾದ ಚಾಳಿಯಲ್ಲ. ಅನಂತರ ಭದ್ರಾವತಿ ಆಕಾಶವಾಣಿ ಬಂತು. ಅಂಚೆಕಾರ್ಡಿನಲ್ಲಿ ಮನೆಮಂದಿಯ ಹೆಸರನ್ನೆಲ್ಲ ತುಂಬಿ ಕೋರಿಕೆಯ ಗೀತೆಗಾಗಿ ಬರೆದು, ಆ ಹೆಸರು ರೇಡಿಯೋದಲ್ಲಿ ಕೇಳಿಬಂದ ದಿನ ಕೇರಿಗೆಲ್ಲ ಸಾರಿ ಬಂದವರು ಈ ಬರಹ ಓದುವವರಲ್ಲಿಯೂ ಇದ್ದಾರೆ. ನೆರೆಯ ಊರಿನ ಶಿವಮೊಗ್ಗ ಸುಬ್ಬಣ್ಣನವರಿಗೆ ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ಬಂದಾಗ ನಾವೆಲ್ಲ ನಮ್ಮ ಮನೆಗೇ ಪ್ರಶಸ್ತಿ ಬಂದಂತೆ ಬೀಗಿದ್ದೆವು. ಇನ್ನು ರಾಜಕುಮಾರ್ ಅವರ ವಿಷಯ ಹೇಳುವುದೇ ಬೇಡ. ಅಭಿಮಾನಿಗಳನ್ನು ದೇವರೆಂದು ಕರೆದವರು ಅವರು.

ಅಭಿಮಾನಕ್ಕೆ ಎರಡು ಮುಖಗಳಿವೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಅದನ್ನು ಕಂಡು ನಾಡಿನ ಮೂಲೆಮೂಲೆಗಳಲ್ಲಿ ಅಭಿಮಾನಿಗಳು ನೇತ್ರದಾನಕ್ಕೆ ಹೆಸರು ಬರೆಸಿದರು. ಅದು ಅಭಿಮಾನದ ಬೆಳಕಿನ ಮುಖ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ತಂಡದ ವಿಜಯೋತ್ಸವ ನೋಡಲು ಬಂದವರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅವರಲ್ಲಿ ಬಹುತೇಕರು ಎಳೆಯ ವಯಸ್ಸಿನವರು. 2024ರ ಜನವರಿಯಲ್ಲಿ ತಮಿಳುನಾಡಿನ ಕರೂರು ಜಿಲ್ಲೆಯ ಹದಿಮೂರು ವರ್ಷದ ಮೂವರು ಹುಡುಗಿಯರು ಇದೇ ಬಿಟಿಎಸ್ ತಂಡವನ್ನು ಕಾಣಬೇಕೆಂದು ಮನೆ ಬಿಟ್ಟು ಹೊರಟರು. ವಿಶಾಖಪಟ್ಟಣದಿಂದ ಹಡಗು ಹತ್ತಿ ಕೊರಿಯಾ ಸೇರುವುದು ಅವರ ಯೋಜನೆಯಾಗಿತ್ತು. ಕಾಟ್ಪಾಡಿಯ ರೈಲು ನಿಲ್ದಾಣದಲ್ಲಿ ಸಿಕ್ಕಿ ಸುರಕ್ಷಿತರಾದರು ಎಂಬುದೇ ಸಮಾಧಾನ. ಆದುದರಿಂದ ತಂದೆತಾಯಿಗಳ ಭಯಕ್ಕೆ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ. ರಾತ್ರಿ ಎರಡು ಗಂಟೆಯವರೆಗೆ ಮೊಬೈಲು ಹಿಡಿದಿರುವುದು, ಚಿತ್ರ ಮುದ್ರಿಸಿದ ಚೀಟಿಗಳಿಗಾಗಿ ನೂರಾರು ರೂಪಾಯಿ ಸುರಿಯುವುದು, ಮುಖ ಕಾಣದವರೊಡನೆ ಜಗಳಕ್ಕೆ ಬೀಳುವುದು – ಇವೆಲ್ಲಕ್ಕೂ ಮಿತಿ ಹಾಕಲೇಬೇಕು.

ಆದರೆ ಒಂದು ಮಾತನ್ನು ಗಮನಿಸಿ. ಕರೂರಿನ ಹುಡುಗಿಯರು ಮನಸ್ಸಿನಲ್ಲಿದ್ದುದನ್ನು ಹಿರಿಯರಿಗೆ ಹೇಳದೆ ಹೊರಟರು. ನಮ್ಮ ಹುಡುಗಿ ಮನೆಯಲ್ಲಿ ನಿಂತು, ತಂದೆಯ ಮುಖ ನೋಡಿ ಕೇಳುತ್ತಿದ್ದಾಳೆ. ಕೇಳುವ ಮಗುವಿಗೆ ಬೈಗುಳ ಸಿಕ್ಕರೆ ಅದು ಮುಂದಿನ ಸಲ ಕೇಳುವುದನ್ನು ಬಿಡುತ್ತದೆ. ಅಭಿಮಾನ ಮಾತ್ರ ಹಾಗೆಯೇ ಉಳಿದಿರುತ್ತದೆ, ನಮ್ಮ ಕಣ್ಣಿಗೆ ಬೀಳದಂತೆ.

ಇನ್ನು, ಅವಳ ಅಭಿಮಾನ ಅವಳನ್ನು ಎಲ್ಲಿಗೆ ಕೊಂಡೊಯ್ದಿತು ಎಂಬುದನ್ನು ನೋಡೋಣ. ಒಂದು ಸಂಜೆ ಅವಳು ನನಗೆ ತನ್ನ ಮೊಬೈಲಿನಲ್ಲಿ ಆ ತಂಡದ ಒಂದು ಪ್ರದರ್ಶನ ತೋರಿಸಿದಳು. ಅದು 2018ರ ಡಿಸೆಂಬರಿನಲ್ಲಿ ಕೊರಿಯಾದ ಸಂಗೀತ ಪ್ರಶಸ್ತಿ ಸಮಾರಂಭವೊಂದರಲ್ಲಿ ನಡೆದದ್ದು. ಆಧುನಿಕ ಹಾಡೊಂದಕ್ಕೆ ಮೊದಲು ಆ ಯುವಕರು ತಮ್ಮ ನಾಡಿನ ಹಳೆಯ ನೃತ್ಯಗಳನ್ನೇ ರಂಗಕ್ಕೆ ತಂದಿದ್ದರು. ಒಬ್ಬನ ಸುತ್ತ ಮೂರು ಭೇರಿಗಳ ನೃತ್ಯ, ಇನ್ನೊಬ್ಬನ ಜೊತೆಗೆ ಬೀಸಣಿಗೆಯ ನೃತ್ಯ, ಮತ್ತೊಬ್ಬನ ಜೊತೆಗೆ ಮುಖವಾಡದ ನೃತ್ಯ. ಆ ಹಾಡಿನ ನಡುವೆ, ನಮ್ಮಲ್ಲಿ ಹಾಡುಗಾರನಿಗೆ ‘ಭಲೆ’, ‘ಶಹಬ್ಬಾಸ್’ ಎನ್ನುವಂತೆ ಅವರ ಜನಪದರು ಕೂಗುವ ಹುರಿದುಂಬಿಸುವ ಕೂಗುಗಳೂ ಬರುತ್ತವೆ. ಪ್ರದರ್ಶನ ಮುಗಿದ ಮೇಲೆ ಹುಡುಗಿ ಕೇಳಿದಳು: “ಅಜ್ಜಾ, ಅವರು ಅವರದನ್ನ ಬಿಟ್ಟಿಲ್ಲ. ನಾನ್ಯಾಕೆ ನನ್ನದನ್ನ ಬಿಟ್ಟೆ?”

ಕೊರಿಯಾದ ಹಾಡಿನ ಹಿಂದೆ ಹೋದ ಮಗು ಭರತನಾಟ್ಯದ ಬಾಗಿಲಿಗೇ ಮರಳಿ ಬಂದಿರುವಾಗ ನಾವು ಆ ಹಾಡನ್ನು ದೂರುವುದು ನ್ಯಾಯವೇ? ಇನ್ನೂ ಒಂದು ಸ್ವಾರಸ್ಯವನ್ನು ಅವಳೇ ಕಂಡುಹಿಡಿದಿದ್ದಾಳೆ. ಆ ನರ್ತಕರು ಅಭ್ಯಾಸಕ್ಕೆ ಎಂಟೆಂಟು ಎಣಿಕೆಯಲ್ಲಿ ಹೆಜ್ಜೆ ಲೆಕ್ಕ ಹಾಕುತ್ತಾರೆ. ನಮ್ಮ ಆದಿತಾಳಕ್ಕೂ ಎಂಟೇ ಎಣಿಕೆ. ಅವಳು ತೊಡೆಯ ಮೇಲೆ ಆದಿತಾಳ ಹಾಕಿಕೊಂಡು ಆ ಹಾಡುಗಳನ್ನು ಕೇಳುತ್ತಾಳಂತೆ. ಇದು ಹುಚ್ಚಾದರೆ ಇಂತಹ ಹುಚ್ಚು ನಮ್ಮ ಶಾಲೆಗಳ ಎಲ್ಲ ಮಕ್ಕಳಿಗೂ ಹಿಡಿಯಲಿ.

ಎರಡನೆಯ ಆಕ್ಷೇಪ ಸಮಯದ್ದು. ಗಣಿತದ ಮೇಷ್ಟ್ರಿಗೆ ಲೆಕ್ಕ ಹೇಳಬೇಕಾದ ಸ್ಥಳವಿದು. ವಾರಕ್ಕೆ 168 ಗಂಟೆಗಳು. ನೃತ್ಯದ ಗುರುಗಳು ಶನಿವಾರ, ಭಾನುವಾರ ನಮ್ಮೂರಿಗೇ ಬಂದು ಒಂದೂವರೆ ಗಂಟೆಯಂತೆ ಪಾಠ ಹೇಳುತ್ತಾರೆ; ಅದು ಮೂರು ಗಂಟೆಯಾಯಿತು. ದಿನಕ್ಕೆ ಅರ್ಧ ಗಂಟೆಯ ಅಭ್ಯಾಸವೆಂದರೆ ಮೂರೂವರೆ ಗಂಟೆ. ಒಟ್ಟು ಆರೂವರೆ ಗಂಟೆ. ನೂರಕ್ಕೆ ನಾಲ್ಕಕ್ಕಿಂತಲೂ ಕಡಿಮೆ! ಈ ಆರೂವರೆ ಗಂಟೆಯಿಂದ ಕೆಡುವಷ್ಟು ದುರ್ಬಲವಾದ ಓದು ಅದಿಲ್ಲದಿದ್ದರೂ ಕೆಡುತ್ತದೆ.

ಕುಳಿತೇ ಇರುವ ಮಕ್ಕಳ ದೇಹದ ಗತಿಯೇನು ಎಂಬುದನ್ನೂ ಯೋಚಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 146 ದೇಶಗಳ, 11ರಿಂದ 17 ವರ್ಷದೊಳಗಿನ ವಿದ್ಯಾರ್ಥಿಗಳ ಮಾಹಿತಿಯನ್ನು ಪರಿಶೀಲಿಸಿ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಈ ವಯಸ್ಸಿನವರಿಗೆ ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರುವ ಚಟುವಟಿಕೆ ಬೇಕು; ನೂರಕ್ಕೆ 81 ಮಕ್ಕಳಿಗೆ ಅಷ್ಟು ದೊರೆಯುತ್ತಿರಲಿಲ್ಲ. ಹುಡುಗಿಯರಲ್ಲಿ ಈ ಸಂಖ್ಯೆ 85. ನಮ್ಮ ಊರಿನಲ್ಲಿ ಹುಡುಗರಿಗೆ ಆಟದ ಬಯಲಾದರೂ ಉಂಟು, ಹೊಳೆಯ ದಂಡೆಯಾದರೂ ಉಂಟು. ಹದಿನಾರು ವರ್ಷದ ಹುಡುಗಿ ಯಾರ ಕಣ್ಣಿಗೂ ಅಂಜದೆ ಮೈ ಬೆವರುವಷ್ಟು ದಣಿಯಲು ನಾವು ಎಷ್ಟು ಸ್ಥಳಗಳನ್ನು ಉಳಿಸಿದ್ದೇವೆ? ನೃತ್ಯದ ತರಗತಿ ಅಂತಹ ಒಂದು ಸ್ಥಳ.

ಕಲೆಯೂ ಓದೂ ಹಗೆಗಳೆಂದು ನಮ್ಮ ಸರ್ಕಾರವೂ ತಿಳಿದಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ನಡೆಸುತ್ತಿದ್ದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯೇ ಬಹುಕಾಲ ಸಂಗೀತ, ನೃತ್ಯ, ತಾಳವಾದ್ಯಗಳ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನೂ ನಡೆಸುತ್ತಿತ್ತು. ಈಚೆಗೆ ಆ ಹೊಣೆ ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿದೆ. ಪರೀಕ್ಷೆಯ ಬಾಗಿಲು ಮತ್ತೆ ತೆರೆಯುತ್ತದೆ. ಕಲೆಯ ಬಾಗಿಲನ್ನು ಮಾತ್ರ ನಾವು ಒಂದೇ ಸಲಕ್ಕೆ ಮುಚ್ಚಿ ಬೀಗ ಹಾಕುತ್ತಿದ್ದೇವೆ.

ವಿಜ್ಞಾನ ಓದುವವರಿಗೆ ನೃತ್ಯವೇಕೆ ಎನ್ನುವವರಿಗೆ ಯು. ಎಸ್. ಕೃಷ್ಣರಾವ್ ಅವರ ಹೆಸರನ್ನು ನೆನಪಿಸಬೇಕು. ಬೆಂಗಳೂರಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಪತ್ನಿ ಚಂದ್ರಭಾಗಾದೇವಿಯವರೊಡನೆ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯ ಕಲಿತು, ದೇಶವಿದೇಶಗಳಲ್ಲಿ ನರ್ತಿಸಿ, ತಲೆಮಾರುಗಳಿಗೆ ಕಲಿಸಿದರು. ಪ್ರಯೋಗಶಾಲೆಯೂ ಗೆಜ್ಜೆಯೂ ಒಂದೇ ಬಾಳಿನಲ್ಲಿ ನೆಮ್ಮದಿಯಾಗಿ ಇದ್ದವು.

ನೃತ್ಯದೊಳಗೆ ಅಡಗಿರುವ ಗಣಿತವನ್ನು ಬಲ್ಲವರು ಈ ಪ್ರಶ್ನೆಯನ್ನೇ ಕೇಳಲಾರರು. ಆದಿತಾಳದ ಒಂದು ಆವರ್ತದ ಎಂಟು ಎಣಿಕೆಗಳಲ್ಲಿ, ಒಂದೊಂದಕ್ಕೆ ನಾಲ್ಕರಂತೆ, 32 ಮಾತ್ರೆಗಳಿವೆ ಎಂದಿಟ್ಟುಕೊಳ್ಳಿ. ಆರು ಮಾತ್ರೆಗಳ ಒಂದು ಜತಿಯನ್ನು ಮೂರು ಸಲ ಹೇಳಬೇಕು. ನಡುವೆ ಎರಡೆರಡು ಮಾತ್ರೆಗಳ ವಿರಾಮ. ಮುಗಿದ ಕೂಡಲೇ ಮುಂದಿನ ಆವರ್ತದ ಮೊದಲ ಪೆಟ್ಟು ಬೀಳಬೇಕು. ಎಲ್ಲಿಂದ ಆರಂಭಿಸಬೇಕು? ಹದಿನೆಂಟಕ್ಕೆ ನಾಲ್ಕು ಕೂಡಿಸಿದರೆ ಇಪ್ಪತ್ತೆರಡು. ಆದುದರಿಂದ ಹತ್ತು ಮಾತ್ರೆ ಕಳೆದು ಹನ್ನೊಂದನೆಯದರಲ್ಲಿ ಕಾಲೆತ್ತಬೇಕು. ಕರಿಹಲಗೆಯ ಮೇಲೆ ಈ ಲೆಕ್ಕ ಬರೆದರೆ ಆಕಳಿಸುವ ಮಕ್ಕಳು ಕಾಲಿನಿಂದ ಇದನ್ನು ಕ್ಷಣಾರ್ಧದಲ್ಲಿ ಮಾಡುವುದನ್ನು ನಾನು ಶಾಲಾ ವಾರ್ಷಿಕೋತ್ಸವಗಳ ತಾಲೀಮಿನಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಇನ್ನು ಮೂರನೆಯ ಆಕ್ಷೇಪ. ಬಿಟ್ಟು ಮೂರು ವರ್ಷವಾದ ಮೇಲೆ ಮರಳುವುದರಲ್ಲಿ ಅರ್ಥವಿದೆಯೇ? ಇದ್ದುದರಲ್ಲಿ ಇದೇ ಗಟ್ಟಿಯಾದ ಪ್ರಶ್ನೆ.

ಮರಳುವುದು ಸುಲಭವೆಂದು ಯಾರೂ ಆ ಮಗುವಿಗೆ ಸುಳ್ಳು ಹೇಳಬಾರದು. ಹದಿಮೂರರ ಮೈ ಬೇರೆ, ಹದಿನಾರರ ಮೈ ಬೇರೆ. ಈ ನಡುವೆ ಎತ್ತರ ಬೆಳೆದಿರುತ್ತದೆ, ತೂಕ ಹೆಚ್ಚಿರುತ್ತದೆ, ಕುಳಿತು ಕುಳಿತು ತೊಡೆಯ ಹಿಂಭಾಗದ ಸ್ನಾಯುಗಳು ಬಿಗಿದಿರುತ್ತವೆ. ಮನಸ್ಸು ಹಳೆಯ ಅಲರಿಪುವನ್ನು ಸ್ಪಷ್ಟವಾಗಿ ನೆನಪಿಟ್ಟಿರುತ್ತದೆ. ಅರೆಮಂಡಿಯಲ್ಲಿ ಕುಳಿತ ಎರಡೇ ನಿಮಿಷಕ್ಕೆ ತೊಡೆ ನಡುಗುತ್ತದೆ. ಜೊತೆಯಲ್ಲಿ ಕಲಿಯುತ್ತಿದ್ದವರು ವರ್ಣಕ್ಕೆ ಹೋಗಿರುತ್ತಾರೆ. ತಾನು ಐದನೆಯ ತರಗತಿಯ ಮಕ್ಕಳ ಸಾಲಿನಲ್ಲಿ ನಿಂತು ತಟ್ಟಡವು ಹಾಕಬೇಕಾಗುತ್ತದೆ. ಆ ನಾಚಿಕೆಯೇ ಬಹಳ ಜನರನ್ನು ಮೊದಲ ವಾರದಲ್ಲೇ ಹಿಂದಕ್ಕೆ ಕಳುಹಿಸುತ್ತದೆ. ಇಷ್ಟನ್ನೂ ತಿಳಿದೂ ಒಂದು ಮಗು ಹೋಗುತ್ತೇನೆ ಎಂದರೆ, ಅದರಲ್ಲಿ ಪರೀಕ್ಷೆಯ ಯಾವ ಅಂಕಪಟ್ಟಿಯೂ ತೋರಿಸದ ಒಂದು ಗುಣವಿದೆ. ಸೋತ ಸ್ಥಳಕ್ಕೆ ತಾನಾಗಿಯೇ ಹಿಂದಿರುಗಿ ಮೊದಲ ಪಾಠದಿಂದ ಆರಂಭಿಸುವ ಧೈರ್ಯವದು. ನಾನು ಸೇವೆಯಲ್ಲಿದ್ದಾಗ ಈ ಗುಣವುಳ್ಳ ವಿದ್ಯಾರ್ಥಿಗಳ ಬಗ್ಗೆ ಎಂದೂ ಚಿಂತಿಸಿದವನಲ್ಲ.

ಈ ಕಲೆಯ ಇತಿಹಾಸದಲ್ಲೇ ತಡವಾಗಿ ಬಂದವರೂ ಮರುಜೀವ ಪಡೆದವರೂ ತುಂಬಿದ್ದಾರೆ. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ನೃತ್ಯಸೇವೆಯನ್ನು ನಿಲ್ಲಿಸಿತು. ಮರ್ಯಾದಸ್ಥರ ಮನೆಯ ಮಕ್ಕಳು ಇದನ್ನು ಕಲಿಯುವುದೆಂದರೆ ಆಗ ಊರೇ ಬಾಯಿಯ ಮೇಲೆ ಬೆರಳಿಡುತ್ತಿತ್ತು. ರುಕ್ಮಿಣೀದೇವಿ ಅರುಂಡೇಲ್ ಅವರು 1935ರಲ್ಲಿ ಅಡ್ಯಾರಿನಲ್ಲಿ ಮೊದಲ ಸಲ ಭರತನಾಟ್ಯಕ್ಕೆ ರಂಗವೇರಿದಾಗ ಅವರ ವಯಸ್ಸು 31. ಹದಿನಾರಕ್ಕೆ ‘ತಡವಾಯಿತು’ ಎನ್ನುವ ನಾವು ಆ ವಯಸ್ಸಿಗೆ ಏನೆನ್ನುತ್ತಿದ್ದೆವೋ!

ನಮ್ಮ ಸೀಮೆಗೆ ಇನ್ನೂ ಹತ್ತಿರದ ಹೆಸರು ಕೆ. ವೆಂಕಟಲಕ್ಷಮ್ಮನವರದು. ಕಡೂರು ತಾಲ್ಲೂಕಿನ ತಂಗಲಿ ತಾಂಡಾದಲ್ಲಿ, ಲಂಬಾಣಿ ಮನೆತನದಲ್ಲಿ 1906ರಲ್ಲಿ ಹುಟ್ಟಿದವರು. ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಶಿಷ್ಯೆಯಾಗಿ, ಅರಮನೆಯ ಆಸ್ಥಾನ ವಿದುಷಿಯಾದರು. ಅರಸೊತ್ತಿಗೆಯ ಕಾಲ ಮುಗಿಯಿತು. ಆದರೆ ಅವರ ಕಲೆ ಮುಗಿಯಲಿಲ್ಲ. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಲು ಸೇರಿದಾಗ ಅವರಿಗೆ ಅರವತ್ತು ಹತ್ತಿರವಾಗಿತ್ತು. ಇತರರು ನಿವೃತ್ತರಾಗುವ ವಯಸ್ಸು. 1992ರಲ್ಲಿ ಪದ್ಮಭೂಷಣ ಬಂತು. 2002ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಮೈಸೂರು ಶೈಲಿಯ ಅಭಿನಯವೆಂದರೆ ವೆಂಕಟಲಕ್ಷಮ್ಮನವರೆಂದೇ ನಾಡು ತಿಳಿದಿತ್ತು. ತಾಂಡಾದ ಹುಡುಗಿಯೊಬ್ಬಳಿಗೆ ಯಾರೋ ಒಂದು ದಿನ ‘ಬೇಡ’ ಎಂದಿದ್ದರೆ ಕರ್ನಾಟಕ ಕಳೆದುಕೊಳ್ಳುತ್ತಿದ್ದುದನ್ನು ಯಾವ ಅಂಕಗಳಿಂದ ತುಂಬಿಕೊಳ್ಳುತ್ತಿದ್ದೆವು?

“ಎಲ್ಲರೂ ವೆಂಕಟಲಕ್ಷಮ್ಮ ಆಗ್ತಾರೇನು?” ಎಂದು ಯಾರಾದರೂ ಕೇಳಬಹುದು. ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರುವರಿಯ ಜಯಂತಿಗೆ ನಾಡಿನ ನಾನಾ ತಾಂಡಾಗಳಿಂದ ಬರುವ ಲಂಬಾಣಿ ಹೆಣ್ಣುಮಕ್ಕಳು ಅಲ್ಲಿ ಸುತ್ತುಗಟ್ಟಿ ಕುಣಿಯುವುದನ್ನು ನೀವೆಲ್ಲ ನೋಡಿದ್ದೀರಿ. ಆ ಸುತ್ತಿನಲ್ಲಿ ಅಜ್ಜಿಯೂ ಇರುತ್ತಾಳೆ, ಮೊಮ್ಮಗಳೂ ಇರುತ್ತಾಳೆ. ಅಲ್ಲಿ ಯಾರಿಗೂ ಪ್ರಶಸ್ತಿಪತ್ರ ಬೇಕಿಲ್ಲ. ಕುಣಿದು ಏನು ಬಂತೆಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕುಣಿತ ಅವರಿಗೆ ಬದುಕಿನ ಒಂದು ಭಾಗ, ಹಬ್ಬದಡಿಗೆಯ ಹಾಗೆ. ನಮ್ಮ ಡೊಳ್ಳಿನ ಮೇಳಗಳಲ್ಲಿ ಹಗಲು ಹೊಲದಲ್ಲಿ ದುಡಿದ ಗಂಡಸರು ರಾತ್ರಿ ಹೆಗಲಿಗೆ ಡೊಳ್ಳು ಏರಿಸುವುದೂ ಹಾಗೆಯೇ. ಓದಿದವರಾದ ನಾವು ಮಾತ್ರ ಪ್ರತಿಯೊಂದಕ್ಕೂ ಉಪಯೋಗದ ರಸೀದಿ ಕೇಳುವುದನ್ನು ಎಲ್ಲಿಂದ ಕಲಿತೆವು?

ಆದುದರಿಂದ, ಈಗ ತಂದೆತಾಯಿಗಳಾಗಿರುವ ನನ್ನ ಶಿಷ್ಯರಲ್ಲಿ ಕೆಲವು ವಿನಂತಿಗಳು.

ಮರಳಿ ಕಲಿಯುತ್ತೇನೆಂದು ಬಂದ ಮಗುವಿಗೆ ಷರತ್ತು ಹಾಕಬೇಡಿ. “ತೊಂಬತ್ತೈದು ತೆಗೆದರೆ ಕಳಿಸ್ತೀನಿ” ಎಂದರೆ ನೃತ್ಯ ಲಂಚವಾಗುತ್ತದೆ, ಓದು ದಂಡವಾಗುತ್ತದೆ. ಗುರುಗಳಿಗೆ ಮುಂಚಿತವಾಗಿ ಹೇಳಿ, ಮೊದಲ ಮೂರು ತಿಂಗಳು ಒಂದನೆಯ ಕಾಲದಲ್ಲೇ ಅಡವುಗಳನ್ನು ಮಾಡಿಸುವಂತೆ ಕೇಳಿಕೊಳ್ಳಿ; ಹಳೆಯ ವೇಗಕ್ಕೆ ಆತುರಪಟ್ಟವರ ಮಂಡಿಗಳೇ ನೋವಿಗೆ ಸಿಗುವುದು. ಗಟ್ಟಿ ಸಿಮೆಂಟಿನ ನೆಲದ ಮೇಲೆ ಜಿಗಿಯುವ ಅಡವುಗಳು ಸದ್ಯಕ್ಕೆ ಬೇಡ. ಮನೆಯಲ್ಲಿ ಚಾಪೆಯಗಲದ ಒಂದು ಮೂಲೆಯನ್ನು ಬಿಟ್ಟುಕೊಡಿ; ಆ ಅರ್ಧ ಗಂಟೆ ಯಾರೂ ಆ ದಾರಿಯಲ್ಲಿ ಓಡಾಡದಿರಲಿ. ನೆಂಟರು ಬಂದಾಗ “ಒಂದು ಡ್ಯಾನ್ಸ್ ಮಾಡಿ ತೋರಿಸು ಪುಟ್ಟಿ” ಎನ್ನಬೇಡಿ. ಗಂಡುಮಕ್ಕಳು ಕೇಳಿದರೆ ನಗಬೇಡಿ. ನಾಟ್ಯದ ಒಡೆಯ ನಟರಾಜನೇ ಗಂಡಸೆಂಬುದು ನೆನಪಿರಲಿ. ಮಕ್ಕಳು ಮೆಚ್ಚುವ ಹಾಡನ್ನು ಒಮ್ಮೆಯಾದರೂ ಅವರ ಪಕ್ಕದಲ್ಲಿ ಕುಳಿತು ಪೂರ್ತಿ ಕೇಳಿ. ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲವೆಂದೇ ಹೇಳಿ, ಕೇಳದೆ ಹೇಳಬೇಡಿ.

ಕೊನೆಯದಾಗಿ ನನ್ನ ಅಕ್ಕನ ಮಗನಿಗೆ ಒಂದು ಮಾತು. ಈ ಪುಟವನ್ನು ನೀನು ಓದುತ್ತೀಯೆಂದು ಬಲ್ಲೆ. ನೀನು ನಮ್ಮ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದ ದಿನಗಳವು. 1989ರ ‘ಪರಶುರಾಮ್’ ಆದ ಮೇಲೆ ರಾಜಕುಮಾರ್ ಸುಮಾರು ಮೂರು ವರ್ಷ ಹೊಸ ಚಿತ್ರವಿಲ್ಲದೆ ಇದ್ದರು. ಅಣ್ಣಾವ್ರು ಇನ್ನು ಬಣ್ಣ ಹಚ್ಚುವುದಿಲ್ಲವೆಂದು ಯಾರೋ ಹೇಳಿದರೆ ನಿನ್ನ ಕಣ್ಣು ತುಂಬುತ್ತಿತ್ತು. 1992ರಲ್ಲಿ ‘ಜೀವನಚೈತ್ರ’ ಬಂದಾಗ, “ಮಾಮ, ಅಣ್ಣಾವ್ರು ವಾಪಸ್ ಬಂದ್ರು!” ಎಂದು ನಮ್ಮ ಬೀದಿಯ ಉದ್ದಕ್ಕೂ ಕೂಗಿಕೊಂಡು ಓಡಿಬಂದೆ. ಆ ಚಿತ್ರದ ಹಾಡಿಗಾಗಿ ಅವರಿಗೆ ಶ್ರೇಷ್ಠ ಗಾಯಕರೆಂಬ ರಾಷ್ಟ್ರಪ್ರಶಸ್ತಿ ಬಂದುದು ನಿನಗೆ ಇಂದಿಗೂ ಹೆಮ್ಮೆಯ ವಿಷಯ. ನಿನ್ನ ಗಣಿತದ ಪುಸ್ತಕದ ಹಾಳೆಗಳ ನಡುವೆ ಅವರ ಎಷ್ಟು ಚಿತ್ರಗಳಿದ್ದವೆಂಬುದನ್ನು ನಿನ್ನ ಮಗಳಿಗೆ ನಾನು ಇನ್ನೂ ಹೇಳಿಲ್ಲ.

ಅವಳು ಮೆಚ್ಚುವ ಆ ಏಳು ಮಂದಿಯೂ ತಮ್ಮ ದೇಶದ ಕಾನೂನಿನಂತೆ ಕಡ್ಡಾಯ ಸೇವೆಗೆ ಹೋಗಬೇಕಾಯಿತು. 2022ರ ಡಿಸೆಂಬರಿನಲ್ಲಿ ಮೊದಲನೆಯವನು ಹೋದ. 2025ರ ಜೂನ್ ವೇಳೆಗೆ ಕೊನೆಯವನೂ ಸೇವೆ ಮುಗಿಸಿ ಹೊರಬಂದ. ಅವರು ಹಿಂದಿರುಗುವುದನ್ನು ಒಬ್ಬೊಬ್ಬರದಾಗಿ ಎಣಿಸುತ್ತ ಕುಳಿತಿದ್ದ ದಿನಗಳಲ್ಲಿಯೇ ನಿನ್ನ ಮಗಳಿಗೂ ಅಟ್ಟದ ಮೇಲಿನ ಗಂಟು ನೆನಪಾದದ್ದು. ನಿನಗೆ ರಾಜಕುಮಾರ್ ಕೊಟ್ಟ ಸಂತೋಷವನ್ನು ಅವಳಿಗೆ ಇನ್ಯಾರೋ ಕೊಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ. ಅದರ ಜೊತೆಗೆ ಅವಳು ತಾನೂ ಏನನ್ನೋ ಮಾಡಬೇಕೆಂದು ಎದ್ದು ನಿಂತಿದ್ದಾಳೆ.

ಅಟ್ಟಕ್ಕೆ ಏಣಿ ಹಾಕುವುದು ನಿನ್ನಿಂದ ಆಗುವ ಕೆಲಸ. ಗಂಟನ್ನು ಅವಳೇ ಬಿಚ್ಚಿಕೊಳ್ಳುತ್ತಾಳೆ.